ಸಾರಿಗೆ ಇಳಿದ ಪೊಟ್ಯಾಷ್

ಆಲಂಕಾರಿನಲ್ಲಿ ನೆಂಟರೊಬ್ಬರ ಮನೆಯ ಅಡುಗೆಕೋಣೆಯಲ್ಲಿ, ಉಪ್ಪಿನಕಾಯಿ ಭರಣಿಯ ಪಕ್ಕ, ಎರಡು ಸೂಪಿನ ಡಬ್ಬಿಗಳನ್ನು ಕಂಡೆ. ದುಬೈಯಲ್ಲಿರುವ ಮಗ ರಜೆಗೆ ಬಂದಾಗ ತಂದದ್ದು. ಮನೆಯ ಹಿರಿಯರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಬಾಯಿಗೆ ರುಚಿಯಿಲ್ಲ, ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. “ಸೂಪ್ ಅಲ್ವಾ, ಹಗುರ” ಎಂದರು ಮನೆಯಾಕೆ. ಉಪ್ಪು ಕಡಿಮೆ ಎಂದು ಸಾರುವ ಹಸಿರು ಪಟ್ಟಿಯೂ ಡಬ್ಬಿಯ ಮೇಲಿತ್ತು. ತಿರುಗಿಸಿ ಸಣ್ಣ ಅಕ್ಷರಗಳನ್ನು ಓದಿದೆ. ನೀರು, ಟೊಮೇಟೊ ಪೇಸ್ಟ್, ಸಕ್ಕರೆ ಎಲ್ಲ ಮುಗಿದ ಮೇಲೆ ಪೊಟ್ಯಾಸಿಯಂ ಕ್ಲೋರೈಡ್ ಎಂದಿತ್ತು. ಕಡಿಮೆ ಮಾಡಿದ ಉಪ್ಪಿನ ಜಾಗಕ್ಕೆ ಬಂದು ಕೂತದ್ದು ಅದು. ಡಬ್ಬಿ ತೆರೆಯುವುದು ಬೇಡ ಎಂದೆ. ಹಿರಿಯರು ಬೇಸರ ಮಾಡಿಕೊಳ್ಳಲಿಲ್ಲ, ಆದರೆ ಒಂದು ಮಾತು ಕೇಳಿದರು: “ಹಾಗಾದ್ರೆ ನಾನು ಕುಡಿಯುವುದು ಎಂತ?”

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಂತೆ ವಿಷಯ ಡಬ್ಬಿಯನ್ನು ಬಿಟ್ಟು ನಮ್ಮದೇ ಒಲೆಯ ಕಡೆಗೆ ತಿರುಗಿತು.

ನಮ್ಮ ಕಡೆ ಮೈ ಸೋತವರಿಗೆ ಮೊದಲು ಕೊಡುವುದು ತೆಳ್ಳಗಿನದನ್ನು. ಗಂಜಿಯ ತಿಳಿ, ಬೇಳೆಯ ಕಟ್ಟು, ಹುರುಳಿ ಸಾರು, ಎಳನೀರು. ಸಾರು ಎಂದರೆ ರಸ. ಕಾಳಿನ, ಸೊಪ್ಪಿನ ಸತ್ವವೆಲ್ಲ ನೀರಿಗೆ ಇಳಿದಿದೆ, ಜಗಿಯುವ ಕಷ್ಟವಿಲ್ಲದೆ ಒಳಗೆ ಹೋಗುತ್ತದೆ ಎಂಬ ನಂಬಿಕೆ. ಆ ನಂಬಿಕೆ ಸುಳ್ಳೇನಲ್ಲ. ಸತ್ವ ನಿಜವಾಗಿಯೂ ನೀರಿಗೆ ಇಳಿಯುತ್ತದೆ. ಮೂತ್ರಪಿಂಡ ಸೋತವರ ಕಷ್ಟ ಶುರುವಾಗುವುದೂ ಅಲ್ಲಿಂದಲೇ.

ಅಡಿಕೆ ತೋಟದವರಿಗೆ ಇದನ್ನು ಬಿಡಿಸಿ ಹೇಳುವುದು ಸುಲಭ. ವಿಟ್ಲದ ಸಿಪಿಸಿಆರ್‌ಐ ತೋಟಬೆಳೆ ಸಂಶೋಧನಾ ಕೇಂದ್ರದವರು ಕಲಿಸಿದ ಲೆಕ್ಕ ನಮ್ಮಲ್ಲಿ ಅನೇಕರಿಗೆ ಬಾಯಿಪಾಠ: ಫಲ ಕೊಡುವ ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. ಯೂರಿಯಾ, ರಾಕ್ ಫಾಸ್ಫೇಟ್, ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂದು ಚೀಲಗಳಲ್ಲಿ ತರುವುದು ಇವನ್ನೇ. ಈಗ ಕಿಡ್ನಿ ರೋಗಿಯ ರಕ್ತಪರೀಕ್ಷೆಯ ಚೀಟಿ ಬಿಡಿಸಿ ನೋಡಿ: ಯೂರಿಯಾ, ಫಾಸ್ಫರಸ್, ಪೊಟ್ಯಾಸಿಯಂ. ಮರ ಬೇಡಿ ಪಡೆಯುವ ಮೂರನ್ನೂ ಮನುಷ್ಯನ ಮೂತ್ರಪಿಂಡ ದಿನವೂ ಹೊರಹಾಕಬೇಕು. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎನ್ನುವುದಕ್ಕೆ ರಸಾಯನಶಾಸ್ತ್ರದ ಹೆಸರು ಪೊಟ್ಯಾಸಿಯಂ ಕ್ಲೋರೈಡ್. ಆ ಡಬ್ಬಿಯ ಸೂಪಿನಲ್ಲಿದ್ದುದು ಅದರದೇ ಶುದ್ಧ ಮಾಡಿದ ರೂಪ. ಪೊಟ್ಯಾಷ್‌ಗೆ ಹೆಚ್ಚು ಆಸೆಪಡುವ ಗಿಡಗಳು ಯಾವುವು ಎಂದರೆ ಬಾಳೆ, ತೆಂಗು. ಹಾಗಾಗಿ ಬಾಳೆಹಣ್ಣಿನಲ್ಲೂ ಎಳನೀರಿನಲ್ಲೂ ಅದು ತುಂಬಿರುವುದರಲ್ಲಿ ಆಶ್ಚರ್ಯವಿಲ್ಲ.

ಆರೋಗ್ಯವಂತ ಮೂತ್ರಪಿಂಡಗಳೆರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಬೇಕಾದದ್ದನ್ನು ಮರಳಿ ಹೀರಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಗೆ ಬಿಡುತ್ತವೆ. ತಿಂದ ಪೊಟ್ಯಾಸಿಯಂನಲ್ಲಿ ಹತ್ತಕ್ಕೆ ಒಂಬತ್ತು ಪಾಲು ಹೋಗುವುದು ಆ ದಾರಿಯಲ್ಲೇ. ರಕ್ತದಲ್ಲಿ ಅದರ ಪ್ರಮಾಣ ಲೀಟರಿಗೆ 3.5ರಿಂದ 5 ಮಿಲಿಮೋಲ್ ಆಸುಪಾಸಿನಲ್ಲಿರಬೇಕು. 6 ದಾಟಿದರೆ ಹೃದಯದ ಬಡಿತದ ಲಯ ತಪ್ಪಬಹುದು, ಅದೂ ಮುನ್ಸೂಚನೆಯಿಲ್ಲದೆ. ಕಾಲು ಬಾತುಕೊಂಡರೆ ಉಪ್ಪು, ನೀರು ಹೆಚ್ಚಾಯಿತೆಂದು ಕಣ್ಣಿಗೆ ಕಾಣುತ್ತದೆ. ಪೊಟ್ಯಾಸಿಯಂ ಹಾಗೆ ಕಾಣುವುದಿಲ್ಲ. ಫಾಸ್ಫರಸ್ ಇನ್ನೂ ನಿಧಾನ: ವರ್ಷಗಟ್ಟಲೆ ಸದ್ದಿಲ್ಲದೆ ಮೂಳೆಯ ಸುಣ್ಣವನ್ನು ಸಡಿಲಿಸಿ, ರಕ್ತನಾಳಗಳ ಗೋಡೆಯಲ್ಲಿ ಸುಣ್ಣ ಕಟ್ಟಿಸುತ್ತದೆ, ಮೈಯೆಲ್ಲ ತುರಿಸುತ್ತದೆ.

ಮೊದಲು ಡಬ್ಬಿಯನ್ನೇ ನೋಡೋಣ. ಆಹಾರವನ್ನು ಗಾಳಿಯಾಡದಂತೆ ಮುಚ್ಚಿ ಕುದಿಸಿ ಕೆಡದಂತೆ ಇಡುವ ವಿದ್ಯೆಯನ್ನು ಫ್ರಾನ್ಸಿನ ನಿಕೋಲಾ ಆಪೇರ್ 1810ರ ಹೊತ್ತಿಗೆ ಲೋಕಕ್ಕೆ ತಿಳಿಸಿದ. ನೀರಿನಂಶ ತೆಗೆದು ಗಟ್ಟಿಮಾಡಿದ ಸೂಪನ್ನು ಡಬ್ಬಿಗೆ ತುಂಬುವ ಉಪಾಯ 1897ರಲ್ಲಿ ಅಮೆರಿಕದ ಕ್ಯಾಂಬೆಲ್ ಕಂಪೆನಿಯಲ್ಲಿ ಜಾನ್ ಡೊರನ್ಸ್ ಎಂಬ ರಸಾಯನಶಾಸ್ತ್ರಜ್ಞನದು. ಇಲ್ಲಿ ಒಂದು ತಪ್ಪು ತಿಳಿವಳಿಕೆ ಸಾಮಾನ್ಯ: ಡಬ್ಬಿ ಕೆಡದಿರಲಿ ಎಂದು ಉಪ್ಪು ಸುರಿಯುತ್ತಾರೆ ಎಂಬುದು. ಕೆಡದಂತೆ ಕಾಯುವುದು 121 ಡಿಗ್ರಿ ಆಸುಪಾಸಿನ ಒತ್ತಡದ ಶಾಖ ಮತ್ತು ಬಿಗಿಯಾದ ಮುಚ್ಚಳ. ಉಪ್ಪಿಗೆ ಅಲ್ಲಿ ಆ ಕೆಲಸವಿಲ್ಲ. ಅಷ್ಟು ಶಾಖದಲ್ಲಿ ತರಕಾರಿಯ ತಾಜಾ ರುಚಿ ಸಾಯುತ್ತದೆ, ಸತ್ತ ರುಚಿಯನ್ನು ಎಬ್ಬಿಸಲು ಉಪ್ಪು ಬೇಕಾಗುತ್ತದೆ. ಹೀಗೆ ಸಾಧಾರಣ ಡಬ್ಬಿ ಸೂಪಿನ ಒಂದು ಬಟ್ಟಲಿನಲ್ಲಿ 600ರಿಂದ 900 ಮಿಲಿಗ್ರಾಂ ಸೋಡಿಯಂ ಇರುವುದು ಮಾಮೂಲು. ದಿನಕ್ಕೆ 2000 ಮಿಲಿಗ್ರಾಂ ಸೋಡಿಯಂ, ಅಂದರೆ ಒಂದು ಚಹಾ ಚಮಚ ಉಪ್ಪು, ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಮೂತ್ರಪಿಂಡ ರೋಗಕ್ಕಾಗಿ 2024ರಲ್ಲಿ ಬಂದ ಕೆಡಿಗೊ ಎಂಬ ಅಂತರರಾಷ್ಟ್ರೀಯ ತಜ್ಞರ ಗುಂಪಿನ ಮಾರ್ಗಸೂಚಿಯದೂ ಅದೇ ಮಿತಿ. ಒಬ್ಬನೇ ಕೂತು ಡಬ್ಬಿಯೊಂದನ್ನು ಮುಗಿಸಿದರೆ ಎರಡು ಬಟ್ಟಲು ಹೋಯಿತು, ದಿನದ ಪಾಲು ಬಹುತೇಕ ಅಲ್ಲಿಗೇ ತೀರಿತು.

ಪೊಟ್ಯಾಸಿಯಂ ವಿಷಯದಲ್ಲಿ ಡಬ್ಬಿ ಡಬ್ಬಿಗೂ ಅಜಗಜಾಂತರ. ನೀರು ಸೇರಿಸಿ ಮಾಡಿದ ಕೋಳಿ-ನೂಡಲ್ ಸೂಪಿನ ಬಟ್ಟಲಿನಲ್ಲಿ 50ರಿಂದ 100 ಮಿಲಿಗ್ರಾಂ ಇದ್ದರೆ, ಟೊಮೇಟೊ ಸೂಪಿನಲ್ಲಿ 250 ದಾಟುತ್ತದೆ, ಕಾಳು-ಬೇಳೆಯ ಸೂಪಿನಲ್ಲಿ 400ರ ಹತ್ತಿರ ಬರುತ್ತದೆ. ಉಪ್ಪಿಗೆ ಬದಲಾಗಿ ಪೊಟ್ಯಾಸಿಯಂ ಕ್ಲೋರೈಡ್ ಹಾಕಿದ ಟೊಮೇಟೊ ಸೂಪಿನಲ್ಲಿ 700 ಮೀರುವುದುಂಟು. ರಕ್ತದೊತ್ತಡ ಇರುವ, ಆದರೆ ಕಿಡ್ನಿ ಚೆನ್ನಾಗಿರುವ ಮನುಷ್ಯನಿಗೆ ಆ ಹಸಿರು ಪಟ್ಟಿಯ ಡಬ್ಬಿಯೇ ಒಳ್ಳೆಯದು. ಕಿಡ್ನಿ ಸೋತವನಿಗೆ ಅದರ ಪಕ್ಕದಲ್ಲಿರುವ, ಪಟ್ಟಿಯಿಲ್ಲದ ಡಬ್ಬಿಗಿಂತಲೂ ಅದು ಅಪಾಯ. ಅಂಗಡಿಯ ಒಂದೇ ಹಲಗೆಯಲ್ಲಿ ಎರಡೂ ಇರುತ್ತವೆ, ಎಚ್ಚರಿಸುವವರಿಲ್ಲ.

ಫಾಸ್ಫರಸ್‌ನ ಲೆಕ್ಕಕ್ಕೆ ಸ್ವಲ್ಪ ತಾಳ್ಮೆ ಬೇಕು, ಏಕೆಂದರೆ ಎಷ್ಟಿದೆ ಎನ್ನುವುದಕ್ಕಿಂತ ಎಲ್ಲಿಂದ ಬಂತು ಎನ್ನುವುದು ಮುಖ್ಯ. ಕಾಳು, ಬೇಳೆ, ಕೆಂಪಕ್ಕಿಯ ತೌಡಿನಲ್ಲಿ ಅದು ಫೈಟೇಟ್ ಎಂಬ ಕಟ್ಟಿನಲ್ಲಿರುತ್ತದೆ. ಆ ಕಟ್ಟನ್ನು ಬಿಚ್ಚುವ ಕಿಣ್ವ ನಮ್ಮ ಕರುಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ನೂರರಲ್ಲಿ 20ರಿಂದ 50 ಪಾಲಷ್ಟೇ ರಕ್ತಕ್ಕೆ ಸೇರುತ್ತದೆ. ಹಾಲು, ಮಾಂಸ, ಮೀನಿನದು 40ರಿಂದ 60. ಕಾರ್ಖಾನೆಯಲ್ಲಿ ಸೇರಿಸುವ ಫಾಸ್ಫೇಟ್ ಉಪ್ಪುಗಳದು 90 ಮೀರುತ್ತದೆ. ಸೂಪು ಒಡೆಯದಿರಲಿ, ಕೋಳಿಮಾಂಸ ನೀರು ಬಿಡದೆ ಮೆತ್ತಗಿರಲಿ, ಪುಡಿ ಗಂಟು ಕಟ್ಟದಿರಲಿ ಎಂದು ಹಾಕುವವು ಅವೇ. ಹಳೆಯ ಪಥ್ಯದ ಚೀಟಿಗಳು ಬೇಳೆಯನ್ನು ಬೈದು ಪೊಟ್ಟಣದ ಬಗ್ಗೆ ಸುಮ್ಮನಿದ್ದುದು, ನನ್ನ ಮಟ್ಟಿಗೆ, ಈ ವಿಷಯದ ಅತಿ ದೊಡ್ಡ ತಪ್ಪು. ಅಮೆರಿಕದ ಮೂತ್ರಪಿಂಡ ಪೋಷಣೆಯ 2020ರ ಮಾರ್ಗಸೂಚಿ ಫಾಸ್ಫರಸ್ ಯಾವ ಮೂಲದ್ದೆಂಬುದನ್ನೂ ಗಮನಿಸಬೇಕೆಂದು ಹೇಳಿದ ಮೇಲೆ ಈ ತಪ್ಪು ಮೆಲ್ಲಗೆ ತಿದ್ದಿಕೊಳ್ಳುತ್ತಿದೆ.

ಕಡಬ, ಆಲಂಕಾರು, ರಾಮಕುಂಜದ ಅಂಗಡಿಗಳಲ್ಲಿ ಸೂಪಿನ ಡಬ್ಬಿ ಅಪರೂಪ. ನೇತಾಡುವುದು ಪುಡಿಯ ಪೊಟ್ಟಣಗಳು. ಬಿಸಿನೀರಿಗೆ ಹಾಕಿ ಕಲಸಿದರೆ ಮುಗಿಯಿತು. ಒಂದು ಬಟ್ಟಲಿಗೆ 500ರಿಂದ 700 ಮಿಲಿಗ್ರಾಂ ಸೋಡಿಯಂ ಇವುಗಳಲ್ಲೂ ಸಾಮಾನ್ಯ. ಇನ್ನು ಬೆಂದ ಸಾರು, ಸಾಂಬಾರುಗಳನ್ನೇ ತುಂಬಿದ ಚೀಲಗಳಿವೆ. ಇವು ಡಬ್ಬಿಯ ನೇರ ಬಂಧುಗಳು. ಸೈನಿಕರಿಗಾಗಿ ಇಂಥ ಚೀಲದೂಟವನ್ನು ರೂಪಿಸುವ ಕೆಲಸ ಹೆಚ್ಚಾಗಿ ನಡೆದದ್ದು ನಮ್ಮ ಮೈಸೂರಿನಲ್ಲೇ, 1961ರಲ್ಲಿ ಆರಂಭವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದಲ್ಲಿ. ಗಡಿಯಲ್ಲಿ ಬೆವರು ಸುರಿಸುವ ಯೋಧನಿಗೆ ಸರಿಯಾದ ಉಪ್ಪು ಡಯಾಲಿಸಿಸ್ ಮಂಚದ ಮೇಲಿರುವವರಿಗೆ ಸರಿಯಾಗುವುದು ಸಾಧ್ಯವಿಲ್ಲ.

ಪೊಟ್ಟಣದ ಬೆನ್ನು ಎಷ್ಟು ಹೇಳುತ್ತದೆ? ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದಂತೆ ಶಕ್ತಿ, ಪ್ರೊಟೀನ್, ಸಕ್ಕರೆ, ಕೊಬ್ಬುಗಳ ಜತೆ ಸೋಡಿಯಂ ಅಂಕಿ ಕಡ್ಡಾಯ. ಪೊಟ್ಯಾಸಿಯಂ ಕಡ್ಡಾಯವಲ್ಲ, ಫಾಸ್ಫರಸ್ ಕಡ್ಡಾಯವಲ್ಲ. ಅಮೆರಿಕ 2016ರಲ್ಲಿ ತಂದ ಹೊಸ ಲೇಬಲ್‌ನಲ್ಲಿ ಪೊಟ್ಯಾಸಿಯಂ ಅಂಕಿಯನ್ನು ಕಡ್ಡಾಯ ಮಾಡಿತು. ಫಾಸ್ಫರಸ್ ಅಲ್ಲೂ ಹೊರಗೇ ಉಳಿಯಿತು. ಹಾಗಾಗಿ ನಮ್ಮಲ್ಲಿ ಉಳಿಯುವ ದಾರಿ ಪದಾರ್ಥಗಳ ಸಾಲಿನಲ್ಲಿ ಬರುವ ಸಂಖ್ಯೆಗಳನ್ನು ಓದುವುದು. 508 ಎಂದಿದ್ದರೆ ಪೊಟ್ಯಾಸಿಯಂ ಕ್ಲೋರೈಡ್, 501 ಪೊಟ್ಯಾಸಿಯಂ ಕಾರ್ಬೊನೇಟ್. 339, 340, 341 ಮತ್ತು 450, 451, 452 ಎಲ್ಲವೂ ಫಾಸ್ಫೇಟ್‌ಗಳು, ಅವುಗಳಲ್ಲಿ 340 ಪೊಟ್ಯಾಸಿಯಂ ಮತ್ತು ಫಾಸ್ಫೇಟ್ ಎರಡನ್ನೂ ಒಟ್ಟಿಗೆ ಹೊತ್ತು ತರುತ್ತದೆ. ಜನ ಹೆದರುವ 621, ಅಂದರೆ ಅಜಿನೊಮೋಟೊ, ಈ ಗುಂಪಿನಲ್ಲಿ ಅಷ್ಟು ದೊಡ್ಡ ಖಳನಲ್ಲ. ಉಪ್ಪಿನಲ್ಲಿ ನೂರಕ್ಕೆ 39 ಪಾಲು ಸೋಡಿಯಂ ಇದ್ದರೆ ಅದರಲ್ಲಿರುವುದು 12 ಪಾಲು. ಡಯಾಲಿಸಿಸ್ ಕೇಂದ್ರದ ಗೋಡೆಯ ಮೇಲೆ ಈ ಏಳೆಂಟು ಸಂಖ್ಯೆಗಳನ್ನು ದೊಡ್ಡದಾಗಿ ಕನ್ನಡದಲ್ಲಿ ಬರೆದು ಹಾಕಲು ಎಷ್ಟು ಖರ್ಚಾದೀತು? ನಾಲ್ಕು ಗಂಟೆ ಅಲ್ಲೇ ಮಲಗಿರುವವರು ಓದದೆ ಇರುವುದಿಲ್ಲ.

ಇಷ್ಟು ಹೇಳಿ ಮನೆಯ ಸಾರು ಸುರಕ್ಷಿತ ಎಂದು ಮುಗಿಸಿದ್ದರೆ ಲೇಖನ ಸುಲಭವಾಗುತ್ತಿತ್ತು. ಆದರೆ ಪೊಟ್ಯಾಸಿಯಂ ನೀರಿನಲ್ಲಿ ಕರಗುವ ಲವಣ. ಬೇಯುವಾಗ ಸೊಪ್ಪು, ಗೆಡ್ಡೆ, ಕಾಳುಗಳ ಜೀವಕೋಶ ಒಡೆದು ಅದು ಹೊರಗೆ ಬರುತ್ತದೆ, ಎಲ್ಲಿಗೂ ಆವಿಯಾಗಿ ಹೋಗುವುದಿಲ್ಲ. ನೀರು ಚೆಲ್ಲಿದರೆ ಹೋಯಿತು. ಚೆಲ್ಲದಿದ್ದರೆ ಪಾತ್ರೆಯಲ್ಲೇ ಉಂಟು. ವಿಸ್ಕಾನ್ಸಿನ್‌ನ ಇಬ್ಬರು ವಿಜ್ಞಾನಿಗಳು, ಬೆತ್ಕೆ ಮತ್ತು ಜಾನ್‌ಸ್ಕಿ, 2008ರಲ್ಲಿ ಆಲೂಗಡ್ಡೆಯ ಮೇಲೆ ಇದನ್ನು ಅಳೆದು ತೋರಿಸಿದರು: ಚೌಕ ತುಂಡು ಮಾಡಿ ಕುದಿಸಿದಾಗ ಪೊಟ್ಯಾಸಿಯಂ ಅರ್ಧದಷ್ಟು ಇಳಿಯಿತು, ತುರಿದು ಕುದಿಸಿದಾಗ ಮುಕ್ಕಾಲು ಪಾಲು ಇಳಿಯಿತು. ಆದರೆ ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿಟ್ಟದ್ದರಿಂದ ಹೆಚ್ಚೇನೂ ಆಗಲಿಲ್ಲ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ತರಕಾರಿಯನ್ನು ಹಿಂದಿನ ರಾತ್ರಿ ನೆನೆಸಿ, ಬೆಳಿಗ್ಗೆ ಆ ನೀರು ಚೆಲ್ಲಿ, ಕುಕ್ಕರಿನಲ್ಲಿ ಎರಡು ಸೀಟಿ ಕೂಗಿಸಿ ನೀರಿನ ಸಮೇತ ಬಡಿಸುತ್ತಾರೆ. ಶ್ರಮ ಪೂರ್ತಿ, ಪ್ರಯೋಜನ ಅಲ್ಪ. ಕುಕ್ಕರು ಒಂದು ತೊಟ್ಟನ್ನೂ ಹೊರಗೆ ಬಿಡುವುದಿಲ್ಲವಲ್ಲ.

ಘಟ್ಟದ ಮೇಲಿನವರ ಬಸ್ಸಾರನ್ನು ನೆನಪಿಸಿಕೊಳ್ಳಿ. ಸೊಪ್ಪು ಕಾಳು ಬೇಯಿಸಿ, ಬಸಿದ ನೀರಿನಲ್ಲಿ ಸಾರು, ಉಳಿದದ್ದರಲ್ಲಿ ಪಲ್ಯ. ಲವಣಗಳನ್ನು ಬೇರ್ಪಡಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಕ ಇಲ್ಲವೇನೋ. ರೋಗಿಗೆ ಬಡಿಸಬೇಕಾದದ್ದು ಪಲ್ಯ, ಮನೆಮಂದಿಗೆ ಸಾರು. ಬಹುಶಃ ಅನೇಕ ಮನೆಗಳಲ್ಲಿ ಇದು ತಿರುವುಮುರುವಾಗಿ ನಡೆಯುತ್ತಿದೆ: ಕಾಯಿಲೆಯವರಿಗೆ ಹಗುರವಾದ ಸಾರು, ಉಳಿದವರಿಗೆ ಪಲ್ಯ.

ನಮ್ಮ ತುಳುನಾಡಿನಲ್ಲಿ ಆ ಜಾಗದಲ್ಲಿರುವುದು ಹುರುಳಿ. ಕುಡುವಿನ ಸಾರು ಎಂದರೆ ಮಳೆಗಾಲದ ಬೆಚ್ಚನೆ ನೆನಪು, ಅದನ್ನು ಬೇಡವೆನ್ನಲು ನನಗೂ ಮನಸ್ಸಿಲ್ಲ. ಆದರೆ ಹಸಿ ಹುರುಳಿಯಲ್ಲಿ 100 ಗ್ರಾಂಗೆ 1000 ಮಿಲಿಗ್ರಾಂ ಆಸುಪಾಸು ಪೊಟ್ಯಾಸಿಯಂ ಇದೆ. ಗಂಟೆಗಟ್ಟಲೆ ಬೇಯಿಸಿ ಬಸಿದ ಕಪ್ಪನೆಯ ಕಟ್ಟಿನಲ್ಲಿ ಅದರ ದೊಡ್ಡ ಪಾಲು ಇರುತ್ತದೆ. ಅಪಾಯ ಇನ್ನೂ ಹೆಚ್ಚುವುದು ಒಂದು ಪದದ ಗೊಂದಲದಿಂದ. ಕಿಡ್ನಿಯಲ್ಲಿ ಕಲ್ಲು ಇದ್ದವರಿಗೂ ಕಿಡ್ನಿ ಸೋತವರಿಗೂ ಊರಲ್ಲಿ ಹೇಳುವುದು ಒಂದೇ ಮಾತು, “ಕಿಡ್ನಿ ತೊಂದರೆ”. ಕಲ್ಲಿಗೆ ಹುರುಳಿ ಕಟ್ಟು ಕುಡಿ, ಬಾಳೆದಿಂಡಿನ ರಸ ಕುಡಿ, ಎಳನೀರು ಕುಡಿ, ನೀರು ಚೆನ್ನಾಗಿ ಕುಡಿ ಎಂಬ ಸಲಹೆ ಬಾಯಿಂದ ಬಾಯಿಗೆ ಬಂದಿದೆ. ನೀರು ಕುಡಿಯುವುದಂತೂ ಕಲ್ಲಿನವರಿಗೆ ವೈದ್ಯರೇ ಹೇಳುವ ಮಾತು. ಅದೇ ನಾಲ್ಕೂ ಸಲಹೆ ಡಯಾಲಿಸಿಸ್ ಮನೆಗೆ ಬಂದರೆ? ಮೂರು ಪೊಟ್ಯಾಸಿಯಂ ತುಂಬುತ್ತವೆ, ನಾಲ್ಕನೆಯದು ಶ್ವಾಸಕೋಶಕ್ಕೆ ನೀರು ತುಂಬುತ್ತದೆ. ನೋಡಲು ಬರುವ ನೆಂಟರು ಪ್ರೀತಿಯಿಂದಲೇ ಹೇಳಿ ಹೋಗುತ್ತಾರೆ, ಮದುವೆ ಮನೆಯಲ್ಲಿ ಸಿಕ್ಕಿದವರೂ ಹೇಳುತ್ತಾರೆ. ಆ ಪ್ರೀತಿಯನ್ನು ನೋಯಿಸದೆ ತಡೆಯುವ ಕೆಲಸ ಮನೆಯ ಹೆಂಗಸರ ಪಾಲಿಗೆ ಬೀಳುತ್ತದೆ.

ಎಳನೀರಿನ ಮಾತನ್ನು ಬಿಡಿಸಿಯೇ ಹೇಳಬೇಕು, ಏಕೆಂದರೆ ಅಂಗಳದಲ್ಲೇ ಇದೆ, ಕಾಸು ಕೊಡಬೇಕಿಲ್ಲ, ದೇವರಿಗೂ ಒಪ್ಪಿಸುತ್ತೇವೆ. 100 ಮಿಲಿಲೀಟರಿನಲ್ಲಿ ಸುಮಾರು 200ರಿಂದ 250 ಮಿಲಿಗ್ರಾಂ ಪೊಟ್ಯಾಸಿಯಂ. ಒಂದು ಸಾಧಾರಣ ಬೊಂಡದಲ್ಲಿ 300 ಮಿಲಿಲೀಟರ್ ನೀರು ಎಂದಿಟ್ಟರೂ 600 ದಾಟಿತು. ಹಳೆಯ ಪಥ್ಯದ ಚೀಟಿಗಳು ರೋಗಿಗೆ ಇಡೀ ದಿನಕ್ಕೆ ಬಿಡುತ್ತಿದ್ದುದು 2000ರಿಂದ 3000. ಡಬ್ಬಿ ಸೂಪುಗಳಲ್ಲಿ ಅತಿ ಕೆಟ್ಟದ್ದು ಯಾವುದೋ ಅದಕ್ಕೆ ನಮ್ಮ ಬೊಂಡ ಸರಿಸಾಟಿ. ಹಗಲು ಬೆವರಿ ಬಂದವನಿಗೆ ಅಮೃತವಾದದ್ದು ಮೂತ್ರವೇ ಬರದವನಿಗೆ ಹೃದಯ ನಿಲ್ಲಿಸುವಷ್ಟಾಗಬಹುದು.

ಹಾಗಾದರೆ ಗಂಜಿ? ಇಲ್ಲಿ ಒಳ್ಳೆಯ ಸುದ್ದಿಯಿದೆ. ನಮ್ಮ ಕುಚ್ಚಲಕ್ಕಿಯನ್ನು ತುಂಬ ನೀರಿನಲ್ಲಿ ಬೇಯಿಸಿ ಬಸಿಯುವುದೇ ರೂಢಿ. ಅಕ್ಕಿಯಲ್ಲಿ ಪೊಟ್ಯಾಸಿಯಂ ಮೊದಲೇ ಕಡಿಮೆ, ಬಸಿದ ಅನ್ನದಲ್ಲಿ ಇನ್ನೂ ಕಡಿಮೆ. ಕೆಂಪು ಕುಚ್ಚಲಿನಲ್ಲಿ ಫಾಸ್ಫರಸ್ ಬಿಳಿ ಬೆಳ್ತಿಗೆಗಿಂತ ಹೆಚ್ಚಿದ್ದರೂ ಬಹುಪಾಲು ಫೈಟೇಟಿನ ಕಟ್ಟಿನಲ್ಲಿರುವುದರಿಂದ ಭಯಪಡುವಂತಿಲ್ಲ. ಗಂಜಿಯ ತಿಳಿಯಲ್ಲೂ ಲವಣ ಅಲ್ಪವೇ. ಅದನ್ನು ಕೆಡಿಸುವುದು ನಾವು ಹಾಕುವ ಉಪ್ಪಿನ ಹರಳು, ಮತ್ತು ಬಟ್ಟಲಿನ ಅಂಚಿನಲ್ಲಿ ಕಾಯುತ್ತಿರುವ ಮಿಡಿ. ಉಪ್ಪಿನಕಾಯಿಯ ತೂಕದಲ್ಲಿ ನೂರಕ್ಕೆ 15 ಪಾಲು ಉಪ್ಪು ಎಂದಿಟ್ಟುಕೊಂಡರೆ, 10 ಗ್ರಾಂ ತೂಗುವ ಒಂದು ಮಿಡಿಯಲ್ಲಿ ಒಂದೂವರೆ ಗ್ರಾಂ ಉಪ್ಪು, ಸುಮಾರು 600 ಮಿಲಿಗ್ರಾಂ ಸೋಡಿಯಂ. ಒಂದು ಬಟ್ಟಲು ಡಬ್ಬಿ ಸೂಪಿನಷ್ಟೇ ಆಯಿತು. ಒಣಮೀನಿನ ಚಟ್ನಿ, ಹಪ್ಪಳ ಸೇರಿದರೆ ಲೆಕ್ಕ ಕೈಮೀರುತ್ತದೆ. ಉಪ್ಪು ಹಾಕಿದಷ್ಟು ಬಾಯಾರಿಕೆ, ಬಾಯಾರಿಕೆಗೆ ನೀರು, ನೀರಿಗೆ ಹೊರಹೋಗಲು ದಾರಿಯಿಲ್ಲ. ಮೂತ್ರ ಕಡಿಮೆಯಾದವರಿಗೆ ವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ, ಹಿಂದಿನ ದಿನ ಬಂದ ಮೂತ್ರದಷ್ಟು ಮತ್ತು ಅದರ ಮೇಲೆ ಅರ್ಧ ಲೀಟರ್. ತಿಳಿ, ಸಾರು, ಸೂಪು, ಮಜ್ಜಿಗೆ ಎಲ್ಲವೂ ಆ ಅಳತೆಯ ಒಳಗೇ ಬರಬೇಕು. ಸಾರು ಊಟದ ಲೆಕ್ಕ, ನೀರು ಬೇರೆ ಎಂದು ಅನೇಕರು ತಿಳಿದಿದ್ದಾರೆ.

ನಮ್ಮ ಅಜ್ಜಿಯಂದಿರು ಮಾತ್ರ ನೀರಿನ ಕೆಲಸವನ್ನು ಚೆನ್ನಾಗಿ ಅರಿತಿದ್ದರು. ಹಲಸಿನ ಸೊಳೆಯನ್ನು ಬೇಸಿಗೆಯಲ್ಲಿ ಉಪ್ಪುನೀರಿನ ಭರಣಿಗೆ ಹಾಕಿ, ಆಟಿ ತಿಂಗಳಲ್ಲಿ ತೆಗೆದು, ನಾಲ್ಕಾರು ಸಲ ನೀರು ಬದಲಿಸಿ ಉಪ್ಪು ಬಿಡಿಸಿ ರೊಟ್ಟಿ, ಪಲ್ಯ ಮಾಡುತ್ತಿದ್ದರು. ಉಪ್ಪು ಪೂರ್ತಿ ಹೋಗುವುದಿಲ್ಲವಾದ್ದರಿಂದ ಉಪ್ಪುಸೊಳೆ ರೋಗಿಗೆ ಹೇಳಿದ್ದಲ್ಲ. ಆದರೆ ನೀರಿಗೆ ಹಾಕಿ, ಹಿಂಡಿ, ಚೆಲ್ಲಿ, ಮತ್ತೆ ನೀರಿಗೆ ಹಾಕುವ ಆ ಕೈ ಅಭ್ಯಾಸ ಇದೆಯಲ್ಲ, ಅದನ್ನೇ ಬಸಳೆ, ಹರಿವೆ, ಸುವರ್ಣಗಡ್ಡೆ, ಕೆಸುವಿಗೆ ಕುದಿನೀರಿನಲ್ಲಿ ಮಾಡಿದರೆ ಸಾಕು. ಇವು ಪೊಟ್ಯಾಸಿಯಂ ಹೆಚ್ಚಿರುವ ತರಕಾರಿಗಳು. ಸೋರೆ, ಮಂಗಳೂರು ಸೌತೆ ಕಡಿಮೆಯವು. ಮಾಂಸ ತಿನ್ನುವವರಿಗೂ ಇದೇ ಮಾತು: ಕೋಳಿಯನ್ನು ಒಮ್ಮೆ ಕುದಿಸಿ ನೀರು ಚೆಲ್ಲಿದರೆ ಪ್ರೊಟೀನ್ ಬಹುಪಾಲು ತುಂಡಿನಲ್ಲೇ ಉಳಿದು ಫಾಸ್ಫರಸ್‌ನ ಒಂದು ಭಾಗ ನೀರಿನೊಂದಿಗೆ ಹೋಗುತ್ತದೆ. ಕಾಲುಸೂಪು ಕುಡಿದರೆ ಬಲ ಬರುತ್ತದೆಂದು ತುಂಡು ಬಿಟ್ಟು ರಸ ಕೊಡುವುದು ಇಲ್ಲಿಯೂ ತಿರುವುಮುರುವೇ. ಡಬ್ಬಿಯ ಕಾಳುಗಳ ಬಗ್ಗೆಯೂ ನ್ಯಾಯವಾಗಿ ಒಂದು ಮಾತು ಹೇಳಬೇಕು. ಡಬ್ಬಿಯಲ್ಲಿ ನೀರಿನೊಡನೆ ಕೂತ ಕಡಲೆ, ಬೀನ್ಸ್‌ಗಳ ಪೊಟ್ಯಾಸಿಯಂ ಆ ನೀರಿಗೆ ಇಳಿದಿರುತ್ತದೆ. ನೀರು ಚೆಲ್ಲಿ, ತೊಳೆದು ಬಳಸಿದರೆ ಮನೆಯಲ್ಲಿ ಕುಕ್ಕರಿಗೆ ಹಾಕಿದ್ದಕ್ಕಿಂತ ಅದು ಮೇಲು. ದೋಷ ಡಬ್ಬಿಯದಲ್ಲ, ಸೂಪಿನಲ್ಲಿ ಚೆಲ್ಲಲು ಏನೂ ಉಳಿಯದಿರುವುದು ತೊಡಕು.

ಉಪ್ಪಿಗೆ ಬದಲಿ ಹುಡುಕುವವರು ಎರಡು ಕಡೆ ಎಡವುತ್ತಾರೆ. ಸೈಂಧವ ಲವಣ, ನಮ್ಮ ಇಂದುಪ್ಪು, ಒಳ್ಳೆಯದೆಂದು ತರುತ್ತಾರೆ. ಅದೂ ಬಹುತೇಕ ಸೋಡಿಯಂ ಕ್ಲೋರೈಡೇ, ಬಣ್ಣವೊಂದು ಬೇರೆ. ಕಡಿಮೆ ಸೋಡಿಯಂ ಉಪ್ಪು ಎಂದು ಮಾರುವುದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆತಿರುತ್ತದೆ. ಚೀನಾದ 600 ಹಳ್ಳಿಗಳಲ್ಲಿ 20,995 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಾಲ್ಕರಲ್ಲಿ ಒಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು ಪಾರ್ಶ್ವವಾಯುವನ್ನು ನೂರಕ್ಕೆ 14ರಷ್ಟು ತಗ್ಗಿಸಿತು. ದೊಡ್ಡ ಸಾಧನೆ. ಆದರೆ ಗಂಭೀರ ಮೂತ್ರಪಿಂಡ ರೋಗವಿರುವವರನ್ನು ಆ ಅಧ್ಯಯನಕ್ಕೆ ಸೇರಿಸಿರಲಿಲ್ಲ. 2025ರ ಜನವರಿಯಲ್ಲಿ ಇಂಥ ಉಪ್ಪನ್ನು ಶಿಫಾರಸು ಮಾಡಿದ ವಿಶ್ವ ಆರೋಗ್ಯ ಸಂಸ್ಥೆಯೂ ಮೂತ್ರಪಿಂಡದ ದೋಷವಿರುವವರನ್ನು ಸ್ಪಷ್ಟವಾಗಿ ಹೊರಗಿಟ್ಟಿತು. ಆ ಕೊನೆಯ ವಾಕ್ಯ ಉಪ್ಪಿನ ಜಾಹೀರಾತಿನ ಜತೆ ಊರಿಗೆ ತಲುಪುವುದು ಕಷ್ಟ.

ಲವಣದ ಲೆಕ್ಕಕ್ಕೆ ಸೇರದಿದ್ದರೂ ಹೇಳದೆ ಬಿಡಲಾಗದ ಎರಡು ಹುಳಿಗಳು ನಮ್ಮ ಹಿತ್ತಿಲಲ್ಲಿವೆ. ನಕ್ಷತ್ರದಾಕಾರದ ದಾರೆಹುಳಿಯಲ್ಲಿ ಕ್ಯಾರಂಬಾಕ್ಸಿನ್ ಎಂಬ ನರವಿಷವಿದೆ, ಬ್ರೆಜಿಲಿನ ವಿಜ್ಞಾನಿಗಳು 2013ರಲ್ಲಿ ಅದನ್ನು ಗುರುತಿಸಿದರು. ಆರೋಗ್ಯವಂತರಲ್ಲಿ ಮೂತ್ರದೊಡನೆ ಹೋಗುತ್ತದೆ. ಕಿಡ್ನಿ ಸೋತವರಲ್ಲಿ ಒಂದು ಹಣ್ಣಿಗೇ ನಿಲ್ಲದ ಬಿಕ್ಕಳಿಕೆ, ಭ್ರಮೆ, ಸೆಳೆತ ಬಂದು ಸಾವಿನವರೆಗೂ ಹೋದದ್ದುಂಟು. ಬಿಂಬುಳಿಯದು ಆಕ್ಸಲೇಟಿನ ಕಥೆ: ಅದರ ರಸ ಕುಡಿದು ಒಮ್ಮೆಲೇ ಕಿಡ್ನಿ ಕೆಟ್ಟ ಹತ್ತು ಮಂದಿಯ ವರದಿ 2013ರಲ್ಲಿ ಕೇರಳದಿಂದ ಬಂತು, ಅವರಲ್ಲಿ ಏಳು ಜನರಿಗೆ ಡಯಾಲಿಸಿಸ್ ಮಾಡಬೇಕಾಯಿತು. ಸಾರಿಗೆ ಹುಳಿ ಬೇಕಾದರೆ ಈ ಎರಡು ಮರಗಳ ಕಡೆ ಹೋಗಬಾರದು.

ಇಷ್ಟೆಲ್ಲ ಬೇಡಗಳನ್ನು ಕೇಳಿದ ರೋಗಿ ಏನು ಮಾಡುತ್ತಾನೆ? ಊಟವನ್ನೇ ಬಿಡುತ್ತಾನೆ. ಈ ಹುಡುಕಾಟದಲ್ಲಿ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಇದು. ಡಯಾಲಿಸಿಸ್ ಶುರುವಾಗುವ ಮೊದಲು ಪ್ರೊಟೀನ್ ಕಡಿಮೆ ತಿನ್ನಬೇಕೆಂದು ಹೇಳಿರುತ್ತಾರೆ. ಶುರುವಾದ ಮೇಲೆ ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕು, ಅಂದರೆ ಮೊದಲಿಗಿಂತ ಹೆಚ್ಚು. ಹಳೆಯ ಚೀಟಿ ಮಾತ್ರ ಗೋಡೆಯ ಮೇಲೆ ಹಾಗೇ ಅಂಟಿಕೊಂಡಿರುತ್ತದೆ. ಬೇಳೆ ಬೇಡ, ಹಣ್ಣು ಬೇಡ, ಸೊಪ್ಪು ಬೇಡ ಎಂದು ಬರೀ ಅನ್ನ ತಿಂದು ಸ್ನಾಯು ಕರಗಿ ಹೋದವರನ್ನು ಕಂಡಿದ್ದೇನೆ. ತಿಂದ ಪೊಟ್ಯಾಸಿಯಂಗೂ ರಕ್ತದಲ್ಲಿ ಕಾಣುವ ಪೊಟ್ಯಾಸಿಯಂಗೂ ಇರುವ ಸಂಬಂಧ ಹಿಂದೆ ತಿಳಿದಷ್ಟು ನೇರವಲ್ಲವೆಂದು ಈಗ ತಜ್ಞರು ಒಪ್ಪುತ್ತಿದ್ದಾರೆ. ಮಲಬದ್ಧತೆ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ರಕ್ತದ ಆಮ್ಲೀಯತೆ, ಕೆಲವು ಬಿ.ಪಿ. ಮಾತ್ರೆಗಳು, ಇವೂ ಅದನ್ನು ಏರಿಸುತ್ತವೆ. 2024ರ ಕೆಡಿಗೊ ಮಾರ್ಗಸೂಚಿ, ಪೊಟ್ಯಾಸಿಯಂ ಏರಿದ ಚರಿತ್ರೆಯಿರುವ ರೋಗಿಗಳಿಗೆ ಕಡಿಮೆ ಮಾಡಲು ಹೇಳಬೇಕಾದ ಆಹಾರಕ್ಕೆ ಉದಾಹರಣೆಯಾಗಿ ಹೆಸರಿಸಿದ್ದು ಸಂಸ್ಕರಿಸಿದ ಪದಾರ್ಥಗಳನ್ನು. ಹಿತ್ತಿಲ ತರಕಾರಿಯನ್ನು ಬಸಿದು ತಿನ್ನುವವನಿಗೆ ಇದು ಸಮಾಧಾನದ ಮಾತು. ವಾರಕ್ಕೆ ಮೂರು ಸಲ ಆಗಬೇಕಾದ ಡಯಾಲಿಸಿಸ್ ದೂರದಿಂದಲೋ ದುಡ್ಡಿನಿಂದಲೋ ಎರಡಕ್ಕೆ ಇಳಿದವರಿಗೆ ಮಾತ್ರ ನಡುವಿನ ಉದ್ದ ದಿನಗಳಲ್ಲಿ ಬಿಗಿ ಹೆಚ್ಚು ಬೇಕು.

ಅಂಕಿಗಳ ಕೊರತೆಯೂ ಒಂದು ತೊಡಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ 528 ಆಹಾರಗಳ ಕೋಷ್ಟಕ ಅಮೂಲ್ಯವಾದದ್ದು, ಆದರೆ ಅಲ್ಲಿರುವುದು ಬಹುಪಾಲು ಹಸಿ ಪದಾರ್ಥಗಳು. ಬಸಿದ ಬಸಳೆಯಲ್ಲಿ ಎಷ್ಟು ಉಳಿಯಿತು, ಹುರುಳಿ ಕಟ್ಟಿಗೆ ಎಷ್ಟು ಇಳಿಯಿತು ಎಂದು ನಮ್ಮ ಪಾಕಗಳನ್ನೇ ಅಳೆದು ಬರೆಯುವವರು ಬೇಕು. ಸುಳ್ಯದಲ್ಲಿ ವೈದ್ಯಕೀಯ ಕಾಲೇಜಿದೆ, ಮಂಗಳೂರಿನಲ್ಲಿ ಹಲವಿವೆ. ಒಂದು ಪ್ರಯೋಗಾಲಯ, ಐವತ್ತು ಬಟ್ಟಲು ಸಾರು ಇದ್ದರೆ ಆಗುವ ಕೆಲಸ. ಪಥ್ಯದ ಚೀಟಿಯಲ್ಲಿ ಲೆಟ್ಯೂಸ್, ಬ್ರೊಕೊಲಿ ಹೋಗಿ ನುಗ್ಗೆ, ಬಸಳೆ, ಸೌತೆ ಬರುವುದು ಆಮೇಲೆ ತಾನಾಗಿ ಆಗುತ್ತದೆ.

ಹಿರಿಯರ ಪ್ರಶ್ನೆಗೆ ಮನೆಯಲ್ಲಿ ಈಗ ಸಿಕ್ಕಿರುವ ಉತ್ತರ ಹೀಗಿದೆ. ಸೋರೆಯನ್ನು ಸಣ್ಣಗೆ ಹೆಚ್ಚಿ, ಉಪ್ಪಿಲ್ಲದೆ ತುಂಬ ನೀರಿನಲ್ಲಿ ಕುದಿಸಿ ಬಸಿಯುತ್ತಾರೆ. ಬೇರೆ ಬಿಸಿನೀರಿಗೆ ಎರಡು ಸಿಪ್ಪೆ ಪುನರ್ಪುಳಿ ಹಾಕಿ, ಜೀರಿಗೆ, ಕಾಳುಮೆಣಸು, ಇಂಗು, ಬೆಳ್ಳುಳ್ಳಿಯ ಒಗ್ಗರಣೆ ಕೊಡುತ್ತಾರೆ. ಹುಳಿಯೂ ಖಾರವೂ ನಾಲಿಗೆಯನ್ನು ಹಿಡಿದು ಉಪ್ಪಿನ ಕೊರತೆಯನ್ನು ಮರೆಸುತ್ತವೆ. ಅಳತೆಯ ಲೋಟದಲ್ಲಿ 100 ಮಿಲಿಲೀಟರ್, ದಿನದ ನೀರಿನ ಪಾಲಿನಿಂದ ಕಳೆದು. ಬೆಂದ ಸೋರೆಗೆ ಎರಡು ಚಮಚ ಕಾಯಿತುರಿ. ಪ್ರೊಟೀನಿಗೆ ಮೊಟ್ಟೆಯ ಬಿಳಿ, ಈ ವಯಸ್ಸಿನಲ್ಲಿ ಹೊಸದಾಗಿ ಕಲಿತದ್ದು. ಇದು ಅವರ ವೈದ್ಯರು ನೋಡಿ ಒಪ್ಪಿದ ಅಳತೆ. ಇನ್ನೊಬ್ಬರ ರಕ್ತದ ಚೀಟಿಗೆ ಅಳತೆ ಬೇರೆಯಾದೀತು.

ಬಸಿದ ನೀರು ಒಲೆಯ ಪಕ್ಕ ಆರುತ್ತದೆ. ಸಂಜೆ ಅದನ್ನು ಚೊಂಬಿನಲ್ಲಿ ಹಿಡಿದುಕೊಂಡು ಹೋಗಿ ಹಿತ್ತಿಲಿನ ಬಾಳೆಯ ಬುಡಕ್ಕೆ ಹೊಯ್ಯುತ್ತಾರೆ.